ವಿಸಿ ಫರ್ಮ್ ಯಾವ ಪಾರ್ಟಿ ಕಡೆ ಅಂತ ಪತ್ತೆ ಹಚ್ಚೋದು ಹೇಗೆ

ಮೊದಲೇ ಹೇಳ್ಬಿಡ್ತೀನಿ, ಇದು ಮಂಡ್ಯದ ವಿ.ಸಿ. ಫಾರ್ಮ್ ಬಗ್ಗೆ ಅಲ್ಲ, ಯೂನಿವರ್ಸಿಟಿ ವಿಸಿಗಳ ರಾಜಕೀಯನೂ ಅಲ್ಲ, ಅದನ್ನ ಬರೆಯೋಕೆ ಕೂತ್ರೆ ಒಂದು ಪುರಾಣನೇ ಆಗುತ್ತೆ. ಇಲ್ಲಿ ವಿಸಿ ಅಂದ್ರೆ ವೆಂಚರ್ ಕ್ಯಾಪಿಟಲ್, ದೊಡ್ಡ ದುಡ್ಡಿರೋರಿಂದ ದುಡ್ಡು ಒಟ್ಟು ಮಾಡಿ ಸ್ಟಾರ್ಟಪ್‌ಗಳಿಗೆ ಹಾಕಿ ಕಂಪನಿಯಲ್ಲಿ ಪಾಲು ತಗೊಳ್ಳೋ ಸಂಸ್ಥೆ. 2024ರ ಅಮೆರಿಕ ಚುನಾವಣೆ ಆದಾಗಿನಿಂದ ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರೋ ನಮ್ಮ ಹುಡುಗ್ರು, ಬೆಂಗಳೂರಿಂದ ಅಲ್ಲಿಗೆ ಪಿಚ್ ಮಾಡೋಕೆ ಹೋಗೋರು, ಆ ಫರ್ಮ್‌ಗಳಲ್ಲಿ ಕೆಲಸಕ್ಕೆ ಅಪ್ಲೈ ಮಾಡೋರು ಎಲ್ಲರದ್ದೂ ಒಂದೇ ಪ್ರಶ್ನೆ: ಇವರು ಟ್ರಂಪ್ ಕಡೆನಾ ಡೆಮಾಕ್ರಾಟ್ ಕಡೆನಾ, ಇವರ ದುಡ್ಡು ತಗೊಂಡ್ರೆ ನಾಳೆ ನಮ್ಮ ಹೆಸರೂ ಅದರ ಜೊತೆ ಅಂಟ್ಕೊಳ್ಳುತ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಯ್ತು, ಅದಕ್ಕೇ ಎಲ್ಲಾ ಒಂದೇ ಕಡೆ ಹಾಕ್ತಿದೀನಿ.

ಫರ್ಮ್ ವೋಟ್ ಹಾಕಲ್ಲ. ವೋಟ್ ಹಾಕೋದು, ಚೆಕ್ ಬರೆಯೋದು, ಟ್ವಿಟರ್‌ನಲ್ಲಿ ಜಗಳ ಆಡೋದು ಒಳಗಿರೋ ಪಾರ್ಟ್‌ನರ್‌ಗಳು. ಫರ್ಮ್‌ಗೆ ಇರೋದು ಲಾಭ, ಆ ಲಾಭಕ್ಕೆ ಬೇಕಾದ ಕಾನೂನು. ಇವೆರಡನ್ನೂ ಕಲಸಿಬಿಟ್ರೆ ನೀವು ಎಷ್ಟೇ ಹುಡುಕಿದ್ರೂ ತಪ್ಪು ಉತ್ತರನೇ ಸಿಗೋದು.

ಏನೇನು ಬೇಕು

ಒಂದು ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ಮೂರ್ನಾಲ್ಕು ಗಂಟೆ ಟೈಮ್. ದುಡ್ಡು ಬೇಡ, ಅಮೆರಿಕದಲ್ಲಿ ಈ ದಾಖಲೆಗಳೆಲ್ಲಾ ಫ್ರೀ. ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡ್ಕೊಳ್ಳಿ: ಪಾರ್ಟ್‌ನರ್‌ಗಳ ಸ್ವಂತ ದುಡ್ಡು, ಫರ್ಮ್ ದುಡ್ಡು, ಫರ್ಮ್‌ಗೆ ಬೇಕಾಗಿರೋ ಕಾನೂನು, ಕೊನೇದು ತಾರೀಖು. ತಾರೀಖಿನ ಕಾಲಂ ಯಾರೂ ಹಾಕಲ್ಲ, ಆಮೇಲೆ 2012ರ ಒಂದು ಚೆಕ್ ಇಟ್ಕೊಂಡು ಇವತ್ತಿನ ಜಗಳ ಆಡ್ತಾರೆ.

ಹಂತ 1: ಯಾಕೆ ಬೇಕು ಅಂತ ಒಂದು ಸಾಲು ಬರ್ಕೊಳ್ಳಿ

ದುಡ್ಡು ತಗೊಳ್ಳೋಕಾ, ಕೆಲಸಕ್ಕಾ, ಸುಮ್ನೆ ಕುತೂಹಲಕ್ಕಾ. ದುಡ್ಡು ತಗೊಳ್ಳೋದಾದ್ರೆ ನಿಮ್ಮ ಬೋರ್ಡ್‌ನಲ್ಲಿ ಕೂರೋ ಆ ಒಬ್ಬ ಪಾರ್ಟ್‌ನರ್ ಮುಖ್ಯ, ಉಳಿದ ಹದಿನೈದು ಜನ ಏನಾದ್ರೂ ಆಗಿರಲಿ. ಕೆಲಸಕ್ಕಾದ್ರೆ ಫರ್ಮ್ ಪೂರ್ತಿ ನೋಡ್ಬೇಕು.

ಹಂತ 2: ಹೆಸರುಗಳ ಪಟ್ಟಿ

ಫರ್ಮ್‌ನ ವೆಬ್‌ಸೈಟ್‌ನಲ್ಲಿ ಫೋಟೋ ಇರೋರೆಲ್ಲಾ ಒಂದೇ ಲೆಕ್ಕ ಅಲ್ಲ. ಜನರಲ್ ಪಾರ್ಟ್‌ನರ್, ಮ್ಯಾನೇಜಿಂಗ್ ಪಾರ್ಟ್‌ನರ್ ಅನ್ನೋರು ನಿಜವಾದ ಯಜಮಾನರು, ಅಸೋಸಿಯೇಟ್, ಪ್ರಿನ್ಸಿಪಲ್ ಅನ್ನೋರು ಸಂಬಳಕ್ಕಿರೋರು. ಮಾಲೀಕರು ಯಾರು ಅಂತ ಖಾತ್ರಿ ಮಾಡ್ಕೊಳ್ಳೋಕೆ ಅಮೆರಿಕದ ಎಸ್‌ಇಸಿ, ಅಂದ್ರೆ ನಮ್ಮ ಸೆಬಿ ತರಹದ ಸಂಸ್ಥೆ, ಅದರ ಸೈಟ್‌ನಲ್ಲಿ ಫಾರ್ಮ್ ಎಡಿವಿ ಅಂತ ಒಂದು ದಾಖಲೆ ಸಿಗುತ್ತೆ, ಹೂಡಿಕೆ ಸಲಹೆಗಾರರು ತಮ್ಮ ಬಗ್ಗೆ ಕೊಡಬೇಕಾದ ವಿವರ ಅದು. ಅದರ ಕೊನೇಲಿರೋ ಶೆಡ್ಯೂಲ್ ಎ ನೋಡಿ, ಮಾಲೀಕರು, ಮುಖ್ಯ ಅಧಿಕಾರಿಗಳ ಹೆಸರು ಇರುತ್ತೆ.

ಇಲ್ಲಿ ಜನ ಎಡವೋದು ಬಿಟ್ಟುಹೋದವರ ವಿಷಯದಲ್ಲಿ. ಸೆಕ್ವೊಯಾ ಕ್ಯಾಪಿಟಲ್ ತಗೊಳ್ಳಿ. ಮೈಕಲ್ ಮೊರಿಟ್ಜ್ ದಶಕಗಟ್ಟಲೆ ಅಲ್ಲಿದ್ದೋರು, ಡೆಮಾಕ್ರಾಟ್‌ಗಳಿಗೆ ದುಡ್ಡು ಕೊಡೋರು, 2023ರಲ್ಲಿ ಫರ್ಮ್ ಬಿಟ್ರು. ಡಗ್ ಲಿಯೋನಿ ಕೂಡ ಅದೇ ಫರ್ಮ್ ನಡೆಸಿದೋರು, 2024ರಲ್ಲಿ ಟ್ರಂಪ್‌ಗೆ ಬೆಂಬಲ ಕೊಟ್ರು. ಶಾನ್ ಮಗ್ವೈರ್ ಈಗಿನ ಪಾರ್ಟ್‌ನರ್, 2024ರ ಮೇ ತಿಂಗಳಲ್ಲಿ ಟ್ರಂಪ್ ಕೋರ್ಟ್‌ನಲ್ಲಿ ತಪ್ಪಿತಸ್ಥ ಅಂತಾದ ದಿನವೇ 3 ಲಕ್ಷ ಡಾಲರ್ ಕೊಟ್ಟೆ ಅಂತ ಬಹಿರಂಗವಾಗಿ ಹೇಳ್ಕೊಂಡ್ರು. ಈಗ ಹೇಳಿ, ಸೆಕ್ವೊಯಾ ಯಾವ ಪಾರ್ಟಿ? ಇನ್ನೊಂದು, ನಮ್ಮಲ್ಲಿ ಸೆಕ್ವೊಯಾ ಇಂಡಿಯಾ ಅಂತಿದ್ದದ್ದು 2023ರಲ್ಲೇ ಬೇರೆ ಆಗಿ ಪೀಕ್ ಎಕ್ಸ್‌ವಿ ಆಯ್ತು, ಕ್ಯಾಲಿಫೋರ್ನಿಯಾದವರ ಚೆಕ್ ತೋರಿಸಿ ಇವರನ್ನ ಕೇಳೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ.

ಹಂತ 3: ಎಫ್‌ಇಸಿಯಲ್ಲಿ ಚೆಕ್ ಹುಡುಕಿ

ನಿಜವಾದ ಕೆಲಸ ಶುರು ಆಗೋದು ಇಲ್ಲಿಂದ. ಎಫ್‌ಇಸಿ ಅಂದ್ರೆ ಫೆಡರಲ್ ಎಲೆಕ್ಷನ್ ಕಮಿಷನ್, ಅಮೆರಿಕದಲ್ಲಿ ಪ್ರೆಸಿಡೆಂಟ್ ಮತ್ತೆ ಕಾಂಗ್ರೆಸ್ ಚುನಾವಣೆಗಳ ದುಡ್ಡಿನ ಲೆಕ್ಕ ನೋಡ್ಕೊಳ್ಳೋ ಸಂಸ್ಥೆ. ಅದರ ಸೈಟ್‌ಗೆ ಹೋಗಿ, ಇಂಡಿವಿಜುವಲ್ ಕಾಂಟ್ರಿಬ್ಯೂಷನ್ಸ್ ಅನ್ನೋ ಹುಡುಕಾಟದ ಪುಟ ತೆಗೀರಿ. ಹೆಸರು ಹಾಕಿದ್ರೆ ಒಂದೊಂದು ದೇಣಿಗೆಗೂ ಒಂದೊಂದು ಸಾಲು ಬರುತ್ತೆ: ಕೊಟ್ಟವರ ಹೆಸರು, ಊರು, ಎಲ್ಲಿ ಕೆಲಸ, ಏನು ಕೆಲಸ, ಯಾವ ಕಮಿಟಿಗೆ (ಚುನಾವಣೆಗೆ ದುಡ್ಡು ಒಟ್ಟು ಮಾಡಿ ಖರ್ಚು ಮಾಡೋ ಸಂಸ್ಥೆ), ಯಾವ ತಾರೀಖು, ಎಷ್ಟು. ಒಬ್ಬರು ಒಂದು ಕಮಿಟಿಗೆ ಕೊಟ್ಟಿದ್ದು ಒಟ್ಟು 200 ಡಾಲರ್ ದಾಟಿದ್ರೆ ಆ ಕಮಿಟಿ ಅವರ ವಿವರ ಕೊಡಲೇಬೇಕು. ನಮ್ಮ ಕಡೆಯಿಂದ ಹೋದವರಿಗೆ ಇದನ್ನ ಮೊದಲ ಸಲ ನೋಡಿದಾಗ ನಂಬೋಕೇ ಆಗಲ್ಲ, ಮನೆ ಪಕ್ಕದವರು ಯಾರಿಗೆ ಎಷ್ಟು ಕೊಟ್ರು ಅಂತ ಸರ್ಕಾರದ ಸೈಟ್‌ನಲ್ಲೇ ಕಾಣುತ್ತೆ.

ಹೆಸರಿಂದ ಒಂದು ಸಲ, ಎಂಪ್ಲಾಯರ್ ಜಾಗದಲ್ಲಿ ಫರ್ಮ್ ಹೆಸರು ಹಾಕಿ ಇನ್ನೊಂದು ಸಲ, ಎರಡೂ ಸಲ ಹುಡುಕಿ. ಈಗ ಎಚ್ಚರಿಕೆಗಳು, ನಿಧಾನಕ್ಕೆ ಓದಿ.

ಒಂದೇ ಹೆಸರಿನವರು ಬೇಜಾನ್ ಜನ ಇರ್ತಾರೆ. ನಾನೇ ಒಂದು ಸಲ ಒಬ್ಬ ಪಾರ್ಟ್‌ನರ್ ಹೆಸರಲ್ಲಿ ಸಿಕ್ಕ ಹನ್ನೊಂದು ದೇಣಿಗೆ ಹಿಡ್ಕೊಂಡು ಗೆಳೆಯನಿಗೆ ದೊಡ್ಡ ಭಾಷಣ ಮಾಡಿದ್ದೆ, ಆಮೇಲೆ ಊರಿನ ಕಾಲಂ ನೋಡಿದ್ರೆ ಅದು ಬೇರೆ ರಾಜ್ಯದ ಒಬ್ಬ ಹಲ್ಲಿನ ಡಾಕ್ಟರ್. ಅದಕ್ಕೇ ಹೆಸರು, ಊರು, ಕೆಲಸ ಮೂರೂ ಹೊಂದಬೇಕು. ಹಂಗಂತ ಕೆಲಸದ ಕಾಲಂ ಒಂದನ್ನೇ ನಂಬೋಕೂ ಆಗಲ್ಲ, ಅದನ್ನ ಕೊಟ್ಟವರೇ ತುಂಬೋದು, ಒಬ್ಬನೇ ಮನುಷ್ಯ ಒಂದು ಸಲ ವೆಂಚರ್ ಕ್ಯಾಪಿಟಲಿಸ್ಟ್, ಇನ್ನೊಂದು ಸಲ ಇನ್ವೆಸ್ಟರ್, ಮತ್ತೊಂದು ಸಲ ಸೆಲ್ಫ್ ಎಂಪ್ಲಾಯ್ಡ್ ಅಂತ ಬರೆದಿರ್ತಾನೆ. ಫರ್ಮ್ ಹೆಸರೂ ಅಷ್ಟೆ, ಕೆಲವರು ಪೂರ್ತಿ ಬರೀತಾರೆ, ಕೆಲವರು ಶಾರ್ಟ್ ಆಗಿ, ಕೆಲವರು ಸ್ಪೆಲಿಂಗ್ ತಪ್ಪಿಸಿ, ಎಲ್ಲಾ ತರ ಹಾಕಿ ನೋಡಿ.

ಎರಡೆರಡು ಸಲ ಎಣಿಸ್ಬೇಡಿ. ಡೆಮಾಕ್ರಾಟ್‌ಗಳ ಕಡೆ ಆಕ್ಟ್‌ಬ್ಲೂ, ರಿಪಬ್ಲಿಕನ್ ಕಡೆ ವಿನ್‌ರೆಡ್ ಅಂತ ಆನ್‌ಲೈನ್ ಪಾವತಿ ವ್ಯವಸ್ಥೆಗಳಿವೆ. ಅವುಗಳ ಮೂಲಕ ಹೋದ ದುಡ್ಡು ಒಂದು ಸಲ ಆಕ್ಟ್‌ಬ್ಲೂ ಲೆಕ್ಕದಲ್ಲಿ, ಇನ್ನೊಂದು ಸಲ ಅಭ್ಯರ್ಥಿ ಲೆಕ್ಕದಲ್ಲಿ ಕಾಣ್ಬಹುದು. ಜಾಯಿಂಟ್ ಫಂಡ್‌ರೈಸಿಂಗ್ ಕಮಿಟಿ ಅನ್ನೋದೂ ಹಂಗೇ, ಒಂದೇ ದೊಡ್ಡ ಚೆಕ್ ತಗೊಂಡು ಅಭ್ಯರ್ಥಿ, ಪಕ್ಷ, ರಾಜ್ಯ ಘಟಕಗಳಿಗೆ ಹಂಚೋ ಡಬ್ಬಿ ಅದು, ಹಂಚಿದ ಪ್ರತಿ ಪಾಲೂ ಮತ್ತೆ ಸಾಲಾಗಿ ಬರುತ್ತೆ. ಮೆಮೊ ಅಂತ ಗುರುತಿರೋ ಸಾಲುಗಳನ್ನ ಕೂಡಿಸೋ ಮುಂಚೆ ಬಿಡಿಸಿ ನೋಡಿ.

ಮೊತ್ತದ ಅರ್ಥನೂ ಗೊತ್ತಿರಬೇಕು. ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡೋಕೆ ಮಿತಿ ಇದೆ, 2025-26ಕ್ಕೆ ಒಂದು ಚುನಾವಣೆಗೆ 3,500 ಡಾಲರ್, ಪ್ರೈಮರಿ (ಪಕ್ಷದ ಅಭ್ಯರ್ಥಿ ಆರಿಸೋ ಚುನಾವಣೆ) ಮತ್ತೆ ಜನರಲ್ (ಕೊನೆಯ ಚುನಾವಣೆ) ಬೇರೆ ಬೇರೆ ಲೆಕ್ಕ, ಹಾಗಾಗಿ ಒಟ್ಟು 7,000. ಒಬ್ಬ ಪಾರ್ಟ್‌ನರ್ ಒಬ್ಬ ಸೆನೆಟರ್‌ಗೆ 3,500 ಕೊಟ್ಟಿದ್ದಾನೆ ಅಂದ್ರೆ ಅದು ಸಿದ್ಧಾಂತನೇ ಆಗಿರ್ಬೇಕು ಅಂತಿಲ್ಲ, ಗೆಳೆಯನ ಮನೇಲಿ ಫಂಡ್‌ರೈಸರ್ ಊಟಕ್ಕೆ ಹೋದಾಗ ಬಿಟ್ಟು ಬಂದ ಮುಯ್ಯಿ ಇರ್ಬಹುದು. ಐದಾರು ವರ್ಷ ಒಂದೇ ಕಡೆಗೆ ಬಿಡದೆ ಕೊಟ್ಟಿದ್ರೆ ಆಗ ಲೆಕ್ಕಕ್ಕೆ ಹಿಡೀರಿ.

ಕಾನೂನಿನ ಮಾತು ಒಂದು: ಈ ಸೈಟ್‌ನಿಂದ ತೆಗೆದ ವ್ಯಕ್ತಿಗಳ ಹೆಸರು ವಿಳಾಸ ಇಟ್ಕೊಂಡು ದೇಣಿಗೆ ಕೇಳೋದು, ವ್ಯಾಪಾರಕ್ಕೆ ಬಳಸೋದು ನಿಷಿದ್ಧ. ಇದರಿಂದ ಪಿಚ್ ಮೇಲ್ ಕಳಿಸೋ ಲಿಸ್ಟ್ ಮಾಡ್ತೀನಿ ಅಂತ ಹೊರಡ್ಬೇಡಿ.

ಹಂತ 4: ಸೂಪರ್ ಪ್ಯಾಕ್, ಅಂದ್ರೆ ದೊಡ್ಡ ದುಡ್ಡು

ಸೂಪರ್ ಪ್ಯಾಕ್ ಅಂದ್ರೆ ಅಭ್ಯರ್ಥಿಯ ಪ್ರಚಾರ ತಂಡದ ಜೊತೆ ಸೇರದೆ ಹೊರಗಿಂದ ಜಾಹೀರಾತು ಮಾಡೋ ಕಮಿಟಿ. 2010ರ ಕೋರ್ಟ್ ತೀರ್ಪುಗಳು ಬಂದ ಮೇಲೆ ಇದಕ್ಕೆ ಮಿತಿನೇ ಇಲ್ಲ, ಕಂಪನಿಗಳೂ ತಮ್ಮ ಹೆಸರಲ್ಲೇ ಕೊಡಬಹುದು. ಎರಡನೇ ಕಾಲಂ, ಅಂದ್ರೆ ಫರ್ಮ್ ದುಡ್ಡು, ತುಂಬೋದು ಹೆಚ್ಚುಕಮ್ಮಿ ಇಲ್ಲೇ.

ಆಂಡ್ರೀಸನ್ ಹೊರೊವಿಟ್ಜ್ ಅನ್ನೋ ವಿಸಿ ಫರ್ಮ್ ಇದಕ್ಕೆ ಒಳ್ಳೆ ಪಾಠ. 2023ರ ಡಿಸೆಂಬರ್‌ನಲ್ಲಿ ಅದರ ಸ್ಥಾಪಕರಲ್ಲಿ ಒಬ್ಬರಾದ ಬೆನ್ ಹೊರೊವಿಟ್ಜ್ ಒಂದು ಲೇಖನ ಬರೆದು, ನಾವು ಟೆಕ್ನಾಲಜಿ ಪರ ಇರೋರ ಪರ, ವಿರುದ್ಧ ಇರೋರ ವಿರುದ್ಧ, ಬೇರೆ ವಿಷಯ ನಮಗೆ ಬೇಡ ಅನ್ನೋ ಅರ್ಥದಲ್ಲಿ ಹೇಳಿದ್ರು. ಆ ಫರ್ಮ್, ಜೊತೆಗೆ ಕ್ರಿಪ್ಟೋ (ಬಿಟ್‌ಕಾಯಿನ್ ತರಹದ ಡಿಜಿಟಲ್ ದುಡ್ಡು) ಕಂಪನಿಗಳಾದ ಕಾಯಿನ್‌ಬೇಸ್, ರಿಪಲ್, ಈ ಮೂವರ ದುಡ್ಡಲ್ಲೇ ಮುಖ್ಯವಾಗಿ ಫೇರ್‌ಶೇಕ್ ಅನ್ನೋ ಕ್ರಿಪ್ಟೋ ಪರ ಸೂಪರ್ ಪ್ಯಾಕ್ ನಡೀತು. ಫೇರ್‌ಶೇಕ್‌ಗೆ ಎರಡು ತಂಗಿ ಕಮಿಟಿಗಳಿದ್ವು, ಡಿಫೆಂಡ್ ಅಮೆರಿಕನ್ ಜಾಬ್ಸ್ ರಿಪಬ್ಲಿಕನ್ನರಿಗೆ, ಪ್ರೊಟೆಕ್ಟ್ ಪ್ರೋಗ್ರೆಸ್ ಡೆಮಾಕ್ರಾಟ್‌ಗಳಿಗೆ. 2024ರಲ್ಲಿ ಒಹಾಯೊದಲ್ಲಿ ಡೆಮಾಕ್ರಾಟ್ ಸೆನೆಟರ್ ಶೆರಾಡ್ ಬ್ರೌನ್‌ನ ಸೋಲಿಸೋಕೆ ಸುಮಾರು 40 ಮಿಲಿಯನ್ ಡಾಲರ್ ಸುರಿದ್ರು, ಅದೇ ಸಮಯಕ್ಕೆ ಮಿಷಿಗನ್‌ನಲ್ಲಿ ಎಲಿಸ್ಸಾ ಸ್ಲಾಟ್‌ಕಿನ್, ಅರಿಝೋನಾದಲ್ಲಿ ರೂಬೆನ್ ಗಯೇಗೊ, ಇಬ್ಬರೂ ಡೆಮಾಕ್ರಾಟ್, ಅವರಿಗೆ ಸುಮಾರು ಹತ್ತತ್ತು ಮಿಲಿಯನ್ ಖರ್ಚು ಮಾಡಿದ್ರು. ಅಕ್ಕಿ ಮೇಲೂ ಆಸೆ ನೆಂಟರ ಮೇಲೂ ಪ್ರೀತಿ. ಕ್ಯಾಲಿಫೋರ್ನಿಯಾ ಸೆನೆಟ್ ಪ್ರೈಮರಿಯಲ್ಲಿ ಡೆಮಾಕ್ರಾಟ್ ಕೇಟಿ ಪೋರ್ಟರ್ ವಿರುದ್ಧ ಸುಮಾರು 10 ಮಿಲಿಯನ್ ಹೋಯ್ತು, ಆ ಜಾಹೀರಾತುಗಳಲ್ಲಿ ಕ್ರಿಪ್ಟೋ ಅನ್ನೋ ಪದನೇ ಇರ್ಲಿಲ್ಲ! ಅಂದ್ರೆ ಜಾಹೀರಾತು ನೋಡಿ ತೀರ್ಮಾನ ಮಾಡಿದ್ರೆ ಕೆಟ್ರಿ, ದುಡ್ಡು ಕೊಟ್ಟವರ ಪಟ್ಟಿನೇ ನೋಡ್ಬೇಕು. 2025ರ ಆಗಸ್ಟ್‌ನಲ್ಲಿ ಇದೇ ಅಚ್ಚಲ್ಲಿ ಎಐಗೆ ಲೀಡಿಂಗ್ ದ ಫ್ಯೂಚರ್ ಅಂತ ಇನ್ನೊಂದು ಬಂತು, ಅದರ ಹಿಂದೆನೂ ಈ ಫರ್ಮ್ ಇದೆ.

ಈಗ ಮೊದಲ ಕಾಲಂಗೆ ವಾಪಸ್ ಬನ್ನಿ. 2024ರ ಜುಲೈನಲ್ಲಿ ಮಾರ್ಕ್ ಆಂಡ್ರೀಸನ್, ಹೊರೊವಿಟ್ಜ್ ಇಬ್ಬರೂ ಟ್ರಂಪ್‌ಗೆ ಬೆಂಬಲ ಅಂತ ಘೋಷಿಸಿದ್ರು, ಕಾರಣ ಅಂತ ಕೊಟ್ಟಿದ್ದು ಕ್ರಿಪ್ಟೋ ನಿಯಮ, ಎಐ ನಿಯಮ, ಮಾರದೆ ಇರೋ ಷೇರಿನ ಲಾಭಕ್ಕೂ ತೆರಿಗೆ ಹಾಕೋ ಬೈಡನ್ ಪ್ರಸ್ತಾಪ. ಇದೇ ಆಂಡ್ರೀಸನ್ 2012ರಲ್ಲಿ ರಿಪಬ್ಲಿಕನ್ ರಾಮ್ನಿ ಕಡೆ, 2016ರಲ್ಲಿ ಡೆಮಾಕ್ರಾಟ್ ಹಿಲರಿ ಕಡೆ ಇದ್ದೋರು. ಹೊರೊವಿಟ್ಜ್ 2024ರ ಅಕ್ಟೋಬರ್‌ನಲ್ಲಿ, ಕಮಲಾ ಹ್ಯಾರಿಸ್ ಹಳೇ ಸ್ನೇಹಿತೆ, ಅವರಿಗೂ ದೇಣಿಗೆ ಕೊಡ್ತೀವಿ ಅಂತ ಫರ್ಮ್‌ನವರಿಗೆ ತಿಳಿಸಿದ್ರು. ಗಾಳಿ ಬಂದಾಗ ತೂರಿಕೋ ಅಂತ ನೀವು ಅನ್ಬಹುದು, ನಾನು ಅಷ್ಟು ಸುಲಭಕ್ಕೆ ಅನ್ನಲ್ಲ, ಯಾಕಂದ್ರೆ ಫರ್ಮ್‌ಗೆ ಬೇಕಾದ ಕಾನೂನಿನ ವಿಷಯದಲ್ಲಿ ಅವರು ಒಂದು ಇಂಚೂ ಕದಲಿಲ್ಲ, ಪಾರ್ಟಿ ಮಾತ್ರ ಬದಲಾಯ್ತು.

ಹಂತ 5: ಖಾಲಿ ಇದ್ರೆ ತಟಸ್ಥ ಅಂತ ಬರೀಬೇಡಿ

ಹುಡುಕಿದಾಗ ಏನೂ ಸಿಗದಿದ್ರೆ ಜನ ತಕ್ಷಣ ಇವರಿಗೆ ರಾಜಕೀಯ ಇಲ್ಲ ಅಂತಾರೆ. ಖಾಲಿ ಇರೋಕೆ ಬೇರೆ ಕಾರಣಗಳೇ ಜಾಸ್ತಿ.

ದೊಡ್ಡದು ಪೇ ಟು ಪ್ಲೇ ನಿಯಮ. ವಿಸಿಗಳಿಗೆ ದುಡ್ಡು ಕೊಡೋರಲ್ಲಿ ಸರ್ಕಾರಿ ನೌಕರರ ಪಿಂಚಣಿ ನಿಧಿಗಳೂ ಇರ್ತವೆ. ಆ ನಿಧಿ ಮೇಲೆ ಹಿಡಿತ ಇರೋ ಅಧಿಕಾರಿಗೆ ಹೂಡಿಕೆ ಸಂಸ್ಥೆಯವರು ಚುನಾವಣೆ ದೇಣಿಗೆ ಕೊಟ್ರೆ, ಎರಡು ವರ್ಷ ಆ ನಿಧಿಯಿಂದ ಫೀಸ್ ತಗೊಳ್ಳಂಗಿಲ್ಲ ಅಂತ ಎಸ್‌ಇಸಿ 2010ರಲ್ಲಿ ನಿಯಮ ಮಾಡಿತು. ವಿನಾಯಿತಿ ಇರೋದು ನಿಮಗೆ ವೋಟ್ ಇರೋ ಕಡೆ 350 ಡಾಲರ್, ಇಲ್ಲದ ಕಡೆ 150, ಅಷ್ಟೇ. 2024ರ ಆಗಸ್ಟ್‌ನಲ್ಲಿ ಹ್ಯಾರಿಸ್ ಜೊತೆಗೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಟಿಮ್ ವಾಲ್ಜ್ ಬಂದ್ರಲ್ಲ, ಅವರು ಮಿನ್ನೆಸೋಟ ಗವರ್ನರ್ ಆಗಿ ಅಲ್ಲಿನ ಹೂಡಿಕೆ ಮಂಡಳಿಯಲ್ಲೂ ಇದ್ದೋರು, ಹಾಗಾಗಿ ಆ ಜೋಡಿಗೆ ಕೊಡೋಕೆ ಫಂಡ್‌ನವರು ವಕೀಲರನ್ನ ಕೇಳ್ಬೇಕಾಯ್ತು. ಟ್ರಂಪ್-ವ್ಯಾನ್ಸ್ ಜೋಡಿಗೆ ಆ ತೊಡಕು ಇರ್ಲಿಲ್ಲ, ವ್ಯಾನ್ಸ್ ಆಗ ಸೆನೆಟರ್, ರಾಜ್ಯದ ಅಧಿಕಾರಿ ಅಲ್ಲ. ಆ ವರ್ಷದ ಅಂಕಿ ನೋಡುವಾಗ ಇದು ತಲೇಲಿರಲಿ. ಎಷ್ಟೋ ಫರ್ಮ್‌ಗಳು ಈ ರಗಳೆನೇ ಬೇಡ ಅಂತ ಮುಂಚಿತವಾಗಿ ಒಪ್ಪಿಗೆ ಇಲ್ಲದೆ ಯಾರೂ ಯಾರಿಗೂ ಕೊಡಂಗಿಲ್ಲ ಅಂತ ಒಳಗೇ ನಿಯಮ ಇಟ್ಕೊಂಡಿರ್ತಾರೆ.

ಎರಡನೇದು ವೀಸಾ. ಎಚ್-1ಬಿ ಮೇಲಿರೋರು ಅಮೆರಿಕದ ಯಾವ ಚುನಾವಣೆಗೂ ದೇಣಿಗೆ ಕೊಡೋದು ಅಪರಾಧ, ಗ್ರೀನ್ ಕಾರ್ಡ್ ಇದ್ರೆ ಕೊಡಬಹುದು. ನಮ್ಮ ಕಡೆಯ ಎಷ್ಟೋ ಪ್ರಿನ್ಸಿಪಲ್‌ಗಳ ಹೆಸರು ಖಾಲಿ ಬರೋದು ಇದಕ್ಕೇ. ಮೂರನೇದು, ರಜೆ ತಗೊಂಡಿರೋದು: ಫೌಂಡರ್ಸ್ ಫಂಡ್ ಅನ್ನೋ ವಿಸಿ ಫರ್ಮ್‌ನ ಪೀಟರ್ ಥೀಲ್ 2022ರಲ್ಲಿ ಜೆ.ಡಿ. ವ್ಯಾನ್ಸ್‌ನ ಒಹಾಯೊ ಸೆನೆಟ್ ಸ್ಪರ್ಧೆಗೆ ಸುಮಾರು 15 ಮಿಲಿಯನ್ ಹಾಕಿದ್ರು, 2024ಕ್ಕೆ ದೇಣಿಗೆಯಿಂದ ದೂರ ಉಳಿದ್ರು. 2024 ಮಾತ್ರ ನೋಡಿದವನಿಗೆ ಥೀಲ್‌ಗೂ ರಾಜಕೀಯಕ್ಕೂ ಸಂಬಂಧನೇ ಇಲ್ಲ ಅನ್ನಿಸ್ಬೇಕು. ಇನ್ನು 501(ಸಿ)(4) ಅಂತ ಒಂದು ಜಾತಿ ಸಂಸ್ಥೆಗಳಿವೆ, ಸಮಾಜಸೇವೆ ಹೆಸರಲ್ಲಿ ನೋಂದಣಿ ಆಗಿರ್ತವೆ, ಕೊಟ್ಟವರ ಹೆಸರು ಹೇಳ್ಬೇಕಾಗಿಲ್ಲ. ಅಲ್ಲಿಗೆ ಹೋದ ದುಡ್ಡು ನಿಮ್ಮ ಶೀಟ್‌ಗೆ ಬರಲ್ಲ.

ಹಂತ 6: ಲಾಬಿ ದಾಖಲೆ

ಲಾಬಿ ಅಂದ್ರೆ ಕಾನೂನು ಮಾಡೋರ ಹತ್ರ ಹೋಗಿ ನಮಗೆ ಹಿಂಗೆ ಬೇಕು ಅಂತ ನೋಂದಣಿ ಮಾಡಿಸ್ಕೊಂಡು ಒತ್ತಾಯ ಮಾಡೋ ಕೆಲಸ, ನಮ್ಮಲ್ಲಿ ವಿಧಾನಸೌಧದ ಕಾರಿಡಾರ್‌ನಲ್ಲಿ ನೋಂದಣಿ ಇಲ್ಲದೆ ನಡೆಯುತ್ತಲ್ಲ, ಅದೇ. ಅಲ್ಲಿ 1995ರ ಕಾಯ್ದೆ ಪ್ರಕಾರ ಮೂರು ತಿಂಗಳಿಗೊಮ್ಮೆ ಯಾವ್ಯಾವ ವಿಷಯಕ್ಕೆ ಲಾಬಿ, ಒಟ್ಟು ಎಷ್ಟು ಖರ್ಚು ಅಂತ ಸೆನೆಟ್‌ನ ಸೈಟ್‌ನಲ್ಲಿ ಹಾಕ್ಬೇಕು. ಮೂರನೇ ಕಾಲಂ ತುಂಬೋದು ಇಲ್ಲಿಂದ. ಫರ್ಮ್ ಹೆಸರೂ ಹುಡುಕಿ, ವಿಸಿಗಳ ಸಂಘ ನ್ಯಾಷನಲ್ ವೆಂಚರ್ ಕ್ಯಾಪಿಟಲ್ ಅಸೋಸಿಯೇಷನ್ ಹೆಸರೂ ಹುಡುಕಿ.

ಇಲ್ಲಿ ಪದೇ ಪದೇ ಸಿಗೋ ಪದ ಕ್ಯಾರೀಡ್ ಇಂಟರೆಸ್ಟ್. ಫಂಡ್ ಲಾಭ ಮಾಡಿದಾಗ ಪಾರ್ಟ್‌ನರ್‌ಗಳಿಗೆ ಸಾಮಾನ್ಯವಾಗಿ ಶೇ. 20 ಪಾಲು ಸಿಗುತ್ತೆ, ಅದಕ್ಕೆ ಸಂಬಳದ ತೆರಿಗೆ ಅಲ್ಲ, ಕಮ್ಮಿ ದರದ ಕ್ಯಾಪಿಟಲ್ ಗೇನ್ಸ್ ತೆರಿಗೆ. ಇದನ್ನ ಉಳಿಸ್ಕೊಳ್ಳೋ ವಿಷಯದಲ್ಲಿ ಟ್ರಂಪ್ ಭಕ್ತ ವಿಸಿ, ಹ್ಯಾರಿಸ್ ಭಕ್ತ ವಿಸಿ ಅಂತ ಭೇದನೇ ಕಾಣಲ್ಲ. 2022ರಲ್ಲಿ ಇದನ್ನ ಬಿಗಿ ಮಾಡೋ ಅಂಶ ಮಸೂದೆಯಿಂದ ಬಿದ್ದುಹೋಗಿದ್ದು ಸೆನೆಟರ್ ಕಿರ್ಸ್ಟನ್ ಸಿನೆಮಾ ಅವರ ಪಟ್ಟಿನಿಂದ, ಆಗ ಅವರು ಡೆಮಾಕ್ರಾಟ್! ಇನ್ನೊಂದು ವಿಷಯ ವಲಸೆ. ವಿದೇಶಿ ಸ್ಟಾರ್ಟಪ್ ಸ್ಥಾಪಕರಿಗೆ ಅಮೆರಿಕದಲ್ಲಿ ಇರೋಕೆ ಅವಕಾಶ ಕೊಡೋ ಒಬಾಮಾ ಕಾಲದ ನಿಯಮವನ್ನ ಟ್ರಂಪ್ ಸರ್ಕಾರ 2017ರಲ್ಲಿ ಮುಂದೂಡಿದಾಗ ಕೋರ್ಟ್‌ಗೆ ಹೋಗಿ ಗೆದ್ದಿದ್ದು ಇದೇ ಸಂಘ. ಬೆಂಗಳೂರಿಂದ ಹೋಗೋ ಫೌಂಡರ್‌ಗೆ ಪಾರ್ಟ್‌ನರ್ ಯಾರಿಗೆ ವೋಟ್ ಹಾಕಿದ ಅನ್ನೋದಕ್ಕಿಂತ ಈ ಸಾಲು ಹೆಚ್ಚು ಕೆಲಸಕ್ಕೆ ಬರುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿಗೆ 1 ಲಕ್ಷ ಡಾಲರ್ ಫೀಸ್ ಅಂತ ಆದೇಶ ಬಂತಲ್ಲ, ಆಗ ಟ್ರಂಪ್‌ನ ಬೆಂಬಲಿಸಿದ್ದ ವಿಸಿಗಳು ದುಡ್ಡು ಹಾಕಿರೋ ಕಂಪನಿಗಳಿಗೂ ಬಿಸಿ ತಟ್ಟಿತು.

ಹಂತ 7: ಬಾಯಲ್ಲಿ ಹೇಳಿದ್ದು

ಪಾಡ್‌ಕಾಸ್ಟ್, ಟ್ವೀಟ್, ಬಹಿರಂಗ ಪತ್ರ ಇವೆಲ್ಲಾ ಕೊನೆಗೆ ನೋಡಿ, ಮೊದಲೇ ನೋಡಿದ್ರೆ ತಲೆ ಒಂದು ಕಡೆ ವಾಲಿಬಿಡುತ್ತೆ. ಕ್ರಾಫ್ಟ್ ವೆಂಚರ್ಸ್‌ನ ಡೇವಿಡ್ ಸ್ಯಾಕ್ಸ್ ತರ ಇದ್ರೆ ಕಷ್ಟನೇ ಇಲ್ಲ, 2024ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮನೇಲೇ ಟ್ರಂಪ್‌ಗೆ ಫಂಡ್‌ರೈಸರ್ ಮಾಡಿದ್ರು, ಆಮೇಲೆ ವೈಟ್ ಹೌಸ್‌ಗೆ ಎಐ ಮತ್ತು ಕ್ರಿಪ್ಟೋ ನೋಡ್ಕೊಳ್ಳೋಕೆ ಹೋದ್ರು. ಇನ್ನೊಂದು ಕಡೆ ವಿಸಿಗಳು ಕಮಲಾ ಪರ ಅಂತ 2024ರ ಜುಲೈ ಕೊನೇಲಿ ಒಂದು ಸಹಿ ಪತ್ರ ಬಂತು, ನೂರಕ್ಕೂ ಹೆಚ್ಚು ಜನ ಮೊದಲ ದಿನಾನೇ ಸಹಿ ಹಾಕಿದ್ರು. ಸಹಿ ಹಾಕಿದ್ದು ವ್ಯಕ್ತಿಗಳು, ಫರ್ಮ್ ಅಲ್ಲ, ಮೊದಲ ಕಾಲಂಗೇ ಹಾಕಿ.

ಪೋರ್ಟ್‌ಫೋಲಿಯೋ, ಅಂದ್ರೆ ದುಡ್ಡು ಹಾಕಿರೋ ಕಂಪನಿಗಳ ಪಟ್ಟಿ ನೋಡಿ ಪಾರ್ಟಿ ಊಹಿಸೋದನ್ನ ಬಿಡಿ. ರಕ್ಷಣಾ ಕಂಪನಿಗೆ ದುಡ್ಡು ಹಾಕಿದ್ರೆ ರಿಪಬ್ಲಿಕನ್, ಸೋಲಾರ್‌ಗೆ ಹಾಕಿದ್ರೆ ಡೆಮಾಕ್ರಾಟ್ ಅನ್ನೋದು ಮಾಂಸದ ಅಂಗಡಿಗೆ ಷಟರ್ ಮಾಡ್ಕೊಟ್ಟ ವೆಲ್ಡರ್‌ನ ಮಾಂಸಾಹಾರಿ ಅಂದ ಹಾಗೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಥಳೀಯ ರಾಜಕೀಯನೂ ಬೇರೆ ಇಡಿ, 2022ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಅಟಾರ್ನಿ, ಅಂದ್ರೆ ಚುನಾಯಿತ ಸರ್ಕಾರಿ ವಕೀಲ ಚೆಸಾ ಬೌಡಿನ್‌ನ ಜನ ವೋಟ್ ಹಾಕಿ ಕೆಳಗಿಳಿಸಿದಾಗ ಅದನ್ನ ಬೆಂಬಲಿಸಿದ ಟೆಕ್ ಮಂದಿಯಲ್ಲಿ ಎಷ್ಟೋ ಜನ ಡೆಮಾಕ್ರಾಟ್‌ಗಳೇ.

ಒಂದು ಶೀಟ್ ತುಂಬಿ ತೋರಿಸ್ತೀನಿ

ಖೋಸ್ಲಾ ವೆಂಚರ್ಸ್ ತಗೊಳ್ಳಿ. ಮೊದಲ ಕಾಲಂ: ಸ್ಥಾಪಕ ವಿನೋದ್ ಖೋಸ್ಲಾ, 2024ರ ಮೇನಲ್ಲಿ ಬೈಡನ್‌ಗೆ ಮನೇಲಿ ಫಂಡ್‌ರೈಸರ್ ಮಾಡಿದೋರು, ಆಮೇಲೆ ಹ್ಯಾರಿಸ್ ಕಡೆ. ಕೆಳಗಿನ ಸಾಲಲ್ಲೇ ಕೀತ್ ರಬೋಯ್, ಫೌಂಡರ್ಸ್ ಫಂಡ್‌ನಿಂದ 2024ರಲ್ಲಿ ವಾಪಸ್ ಬಂದ ಮ್ಯಾನೇಜಿಂಗ್ ಡೈರೆಕ್ಟರ್, ಟ್ರಂಪ್ ಬೆಂಬಲಿಗ. ಇಬ್ಬರೂ ಸಾರ್ವಜನಿಕವಾಗಿ ಬೇರೆ ಬೇರೆ ದಿಕ್ಕಲ್ಲಿ ಮಾತಾಡ್ತಾರೆ, ಒಂದೇ ಫಂಡ್‌ನಿಂದ ಚೆಕ್ ಬರೀತಾರೆ. ಈ ಫರ್ಮ್ ಮುಂದೆ ಡೆಮಾಕ್ರಾಟ್ ಅಂತ ಬರೆದ್ರೂ ತಪ್ಪು, ಎರಡೂ ಅಂತ ಬರೆದ್ರೂ ಅರ್ಧ ಸತ್ಯ. ನಾನಾದ್ರೆ ಬರೆಯೋದು ಹಿಂಗೆ: ಸ್ಥಾಪಕರದ್ದು ಡೆಮಾಕ್ರಾಟ್ ಕಡೆ ಒಲವು, ನಿಮ್ಮ ಬೋರ್ಡ್‌ಗೆ ಯಾರು ಬರ್ತಾರೆ ಅನ್ನೋದರ ಮೇಲೆ ಉಳಿದದ್ದು.

ಬೆಂಗಳೂರಿನ ಫರ್ಮ್ ಬಗ್ಗೆ ಕೇಳೋರಿಗೆ

ಇಲ್ಲಿ ಅಷ್ಟು ಸಲೀಸಲ್ಲ. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿ ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು, ಅದನ್ನ ಆಯೋಗದ ಸೈಟ್‌ನಲ್ಲಿ ಓದಬಹುದು, ಎಡಿಆರ್ ಅನ್ನೋ ಚುನಾವಣಾ ಸುಧಾರಣೆ ಸಂಸ್ಥೆ ಅದನ್ನ ಒಟ್ಟು ಮಾಡಿ ವರದಿ ಮಾಡುತ್ತೆ. ಎಲೆಕ್ಟೋರಲ್ ಬಾಂಡ್‌ಗಳನ್ನ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿ, ಮಾರ್ಚ್‌ನಲ್ಲಿ ಪಟ್ಟಿ ಹೊರಗೆ ಬಂತು, ಅದರಲ್ಲೂ ಹೆಸರು ಹುಡುಕಿ. ಆದ್ರೆ ಎಲೆಕ್ಟೋರಲ್ ಟ್ರಸ್ಟ್‌ಗೆ ಹತ್ತಾರು ಕಂಪನಿ ದುಡ್ಡು ಹಾಕಿ ಟ್ರಸ್ಟ್ ಪಕ್ಷಗಳಿಗೆ ಹಂಚಿದಾಗ ಯಾರ ದುಡ್ಡು ಯಾರಿಗೆ ಅನ್ನೋ ಎಳೆ ಕಡಿದುಹೋಗುತ್ತೆ. ಫಂಡ್ ಅನ್ನೋದು ಇಲ್ಲಿ ಹೆಚ್ಚಾಗಿ ಟ್ರಸ್ಟ್ ರೂಪದಲ್ಲಿರುತ್ತೆ, ಅದನ್ನ ನಡೆಸೋ ಮ್ಯಾನೇಜರ್ ಕಂಪನಿ ಬೇರೆ, ಹುಡುಕ್ಬೇಕಾದ್ದು ಮ್ಯಾನೇಜರ್ ಹೆಸರು. ವ್ಯಕ್ತಿ ಮತ್ತೆ ಫಂಡ್ ಬೇರೆ ಅನ್ನೋದಕ್ಕೆ ನಮ್ಮ ಊರಲ್ಲೇ ಉದಾಹರಣೆ ಇದೆ: ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ನಿಂತು ಅನಂತ್ ಕುಮಾರ್ ಎದುರು ಸೋತ್ರು, 2017ರಲ್ಲಿ ಫಂಡಮೆಂಟಮ್ ಅನ್ನೋ ಫಂಡ್ ಕಟ್ಟಿದ್ರು. ಆ ಫಂಡ್‌ನ ಕಾಂಗ್ರೆಸ್ ಫಂಡ್ ಅಂತ ಯಾರೂ ಕರೆಯಲ್ಲ, ಕರೆದ್ರೆ ನಗ್ತಾರೆ.

ಶೀಟ್ ಯಾವಾಗ ಅಪ್‌ಡೇಟ್ ಮಾಡ್ಬೇಕು

ಅಭ್ಯರ್ಥಿ ಕಮಿಟಿಗಳ ಮೂರು ತಿಂಗಳ ಲೆಕ್ಕ ಏಪ್ರಿಲ್ 15, ಜುಲೈ 15, ಅಕ್ಟೋಬರ್ 15, ವರ್ಷದ ಕೊನೇದು ಜನವರಿ 31ಕ್ಕೆ ಬರುತ್ತೆ. ಚುನಾವಣೆ ಇಲ್ಲದ ವರ್ಷ ಬಹಳಷ್ಟು ಸೂಪರ್ ಪ್ಯಾಕ್‌ಗಳು ಜುಲೈ 31 ಮತ್ತೆ ಜನವರಿ 31, ಎರಡೇ ಸಲ ಕೊಡ್ತವೆ. ಚುನಾವಣೆಯ ಕೊನೇ ಎರಡು ಮೂರು ವಾರದಲ್ಲಿ ಸುರಿದ ದುಡ್ಡಿನ ಮೂಲ ಕಾಣೋದು ಮತದಾನ ಮುಗಿದು ಒಂದು ತಿಂಗಳಿಗೆ. ನವೆಂಬರ್‌ನಲ್ಲಿ ಟರ್ಮ್ ಶೀಟ್, ಅಂದ್ರೆ ಹೂಡಿಕೆಯ ಷರತ್ತಿನ ಪತ್ರ, ಕೈಗೆ ಬಂದಿದ್ರೆ, ಡಿಸೆಂಬರ್ ಮೊದಲ ವಾರದ ಲೆಕ್ಕ ನೋಡೋವರೆಗೆ ಆ ಪಾರ್ಟ್‌ನರ್‌ನ ಸಾಲನ್ನ ಪೆನ್ಸಿಲ್‌ನಲ್ಲೇ ಇಟ್ಟಿರಿ.